ಮಾನಸ್ಥರ ಗಿಡವೂ ಕಾಡಗುಲಾಬಿಯೂ

ಸುರಪುರದ ರಂಗಂಪೇಟೆಯ ನಮ್ಮ ಓಣಿಯಲ್ಲಿ ಬಸವಂತ್ರಾಯ ಕಾಕಾನಿಗೆ ವೈರಿಗಳಿರಲಿಲ್ಲ. ವೈರಿಗಳನ್ನು ಗಳಿಸಲು ಬೇಕಾದಷ್ಟು ಹೊತ್ತು ಆತ ಊರಲ್ಲಿ ಇರುತ್ತಲೇ ಇರಲಿಲ್ಲ. ಬೆಳಗ್ಗೆ ಏಳೂವರೆಯ ಬಸ್ಸಿಗೆ ಸುರಪುರ ಬಿಟ್ಟು ಶಹಾಪುರಕ್ಕೆ ಹೋಗಿ, ಅಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಒಳಗೆ ಬರುವ ಕಾಗದಕ್ಕೊಂದು ನಂಬರು, ಹೊರಗೆ ಹೋಗುವ ಕಾಗದಕ್ಕೊಂದು ನಂಬರು ಹಾಕಿ, ದನಗಳು ಮನೆ ಮುಟ್ಟಿದ ಮೇಲೆ ಆತನೂ ಮುಟ್ಟುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಕಾಕಾ ಲಗ್ನ ಆಗಲಿಲ್ಲ. ಆ ಮನೆಯಲ್ಲಿ ಆತ, ಆತನ ತಾಯಿ ದೇವಕಮ್ಮ, ಇಬ್ಬರೇ. ದೇವಕಮ್ಮ ಅಂದರೆ ನನ್ನ ಆಯಿ. ನಾನು ಗೋಡೆ ಆಚೆಯ ಮನೆಯಲ್ಲಿ, ಆತನ ಅಣ್ಣನ ಮಗಳು. ನನ್ನ ಬಾಲ್ಯವೆಲ್ಲ ಆಯಿಯ ಕಥೆಗಳಲ್ಲೇ ಕಳೆದದ್ದು. ಈಗ ಹಗಲೆಲ್ಲ ಕಾಲೇಜಿನಲ್ಲಿರುತ್ತೇನೆ. ಹಾಗಾಗಿ ಮಧ್ಯಾಹ್ನದ ರೊಟ್ಟಿಯನ್ನು ಆಯಿ ಒಬ್ಬಳೇ ತಿನ್ನುತ್ತಿದ್ದಳು. ಕಾಕಾನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ. ಸುರಪುರದಲ್ಲೂ ಆ ಕಚೇರಿಯದೊಂದು ಶಾಖೆ ಇದೆ, ನಮ್ಮ ಮನೆಯಿಂದ ನಡೆದರೆ ಎಂಟು ನಿಮಿಷ. ಅಲ್ಲಿಗೆ ವರ್ಗ ಆಗಬೇಕು, ಮಧ್ಯಾಹ್ನ ಮನೆಗೆ ಬಂದು ಅವ್ವನ ಎದುರು ಕೂತು ಉಣ್ಣಬೇಕು. ಪ್ರತಿ ವರ್ಷ ಅರ್ಜಿ ಬರೆಯುತ್ತಿದ್ದ. ಅದಕ್ಕೆ ತಾನೇ ನಂಬರು ಹಾಕಿ ಯಾದಗಿರಿಯ ದೊಡ್ಡ ಕಚೇರಿಗೆ ಕಳಿಸುತ್ತಿದ್ದ. ಹೋದ ಅರ್ಜಿ ಒಂದೂ ತಿರುಗಿ ನೋಡಿರಲಿಲ್ಲ.

ಆಯಿಯ ಕಥೆಗಳಲ್ಲಿ ರಾಕ್ಷಸನ ಜೀವ ರಾಕ್ಷಸನೊಳಗೆ ಇರುವುದಿಲ್ಲ. ಎಲ್ಲೋ ಗುಹೆಯ ಗಿಣಿಯೊಳಗೆ, ಇಲ್ಲವೇ ಕೆರೆಯ ತಳದ ದುಂಬಿಯೊಳಗೆ ಇರುತ್ತದೆ. ನಮ್ಮ ಕಾಕಾನ ಜೀವ ಒಂದು ಕುಂಡದೊಳಗೆ ಹೋಗಿ ಸೇರಿದ್ದು ಹೋದ ಶ್ರಾವಣದಲ್ಲಿ.

ಕಚೇರಿಗೆ ಹೊಸ ಮೇಡಂ ಬಂದು ಎರಡು ತಿಂಗಳಾಗಿತ್ತು. ಮೈಸೂರಿನವರು. ಬರುವಾಗ ತೊಡೆಯ ಮೇಲಿಟ್ಟುಕೊಂಡು ಒಂದು ಗಿಡ ತಂದಿದ್ದರು. ಅವರ ತಾಯಿ ಕೊಟ್ಟದ್ದಂತೆ. ನೀಲಿ ಚೀನಿಮಣ್ಣಿನ ಕುಂಡ, ಅದರಲ್ಲಿ ಎರಡೇ ಎಲೆ, ಒಂದೊಂದೂ ಊಟದ ತಾಟಿನಷ್ಟು. ಶ್ರಾವಣದಲ್ಲಿ ಅವರಿಗೆ ಮೈಸೂರಿನಲ್ಲೇ ಆರು ವಾರದ ತರಬೇತಿ ಬಂತು. ಹೋಗುವ ಹಿಂದಿನ ದಿನ ಎಲ್ಲರನ್ನೂ ಕರೆದು ಕೇಳಿದರು:

"ನಿಮ್ಮಲ್ಲಿ ಯಾರ ಮನೇಲಿ ತೋಟ ಇದೆ?"

ಕಚೇರಿಯ ಹಿರಿಯ ಗುಮಾಸ್ತ ಹಂಪಣ್ಣ ತಲೆ ಎತ್ತಿ ಫ್ಯಾನು ನೋಡತೊಡಗಿದ. ಮೂವತ್ತು ವರ್ಷದ ನೌಕರಿ ಆತನಿಗೆ ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕೆಂಬುದನ್ನು ಕಲಿಸಿತ್ತು. ಕಾಕಾನಿಗೆ ಯಾರೂ ಕಲಿಸಿರಲಿಲ್ಲ.

"ನಮ್ಮಲ್ಲಿ ಗುಲಾಬಿ ತ್ವಾಟ ಅದ್ರಿ ಮೇಡಂ," ಅಂದುಬಿಟ್ಟ.

ಈ ತೋಟದ ಬಗ್ಗೆ ಎರಡು ಮಾತು. ಆರು ವರ್ಷದ ಹಿಂದೆ ಕಾಕಾ ಯಾದಗಿರಿಯಿಂದ ಒಂದು ಕಸಿ ಗುಲಾಬಿ ತಂದಿದ್ದ. ಮುಷ್ಟಿಯಷ್ಟು ದೊಡ್ಡ ಕೆಂಪು ಹೂ ಬಿಡುತ್ತದೆ ಎಂದು ಮಾರಿದವನು ಫೋಟೋ ತೋರಿಸಿದ್ದ. ಮೊದಲ ಬೇಸಿಗೆಗೇ ಕಸಿ ಮಾಡಿದ ಟೊಂಗೆ ಸತ್ತಿತು. ಅದರ ಕೆಳಗೆ, ಕಸಿಗೆ ಆಸರೆಯಾಗಿ ಹೂತಿದ್ದ ಕಾಡಗುಲಾಬಿಯ ಬೇರು ಮಾತ್ರ ಜೀವ ಹಿಡಿದು ಮೇಲೆದ್ದಿತು. ಕಾಕಾ ಕೀಳಲು ಹೋದಾಗ ಆಯಿ, "ಆ ಕೆಂಪ ರಾಣಿನ್ನ ಹೆಗಲ ಮ್ಯಾಲ ಹೊತ್ತು ಬಂದದ್ದು ಇದೇ. ಅಕಿ ಹೋದಳಂತ ಇದನ್ನೂ ಓಡಸ್ತಿ ಏನು?" ಎಂದು ತಡೆದಿದ್ದಳು. ಅದೀಗ ಬಟ್ಟೆ ಒಗೆಯುವ ಬಂಡೆಯ ಪಕ್ಕ ಆಳೆತ್ತರ ಬೆಳೆದು, ಸಬಕಾರದ ನೀರು ಕುಡಿದು, ಐದೇ ಎಸಳಿನ ತಿಳಿಗುಲಾಬಿ ಹೂ ಬಿಡುತ್ತದೆ. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಉದುರುತ್ತದೆ. ಆಡುಗಳು ಒಂದು ಸಲ ಬಾಯಿ ಹಾಕಿ ಎರಡನೇ ಸಲ ಬಂದಿಲ್ಲ. ಕಾಕಾನ ಗುಲಾಬಿ ತೋಟ ಅಂದರೆ ಇದೊಂದೇ.

"ಹಾಗಾದ್ರೆ ನನ್ನ ಮಾನ್‌ಸ್ಟೆರಾ ನಿಮಗೇ," ಅಂದರು ಮೇಡಂ, ಖುಷಿಯಾಗಿ. "ಬಂದ ಮೇಲೆ ನಿಮ್ಮ ಸುರಪುರದ ಅರ್ಜಿ ನೋಡೋಣ, ಬಸವಂತ್ರಾಯ."

ಕಾಕಾನ ಕಿವಿಗೆ ಎರಡನೇ ಮಾತು ಸ್ಪಷ್ಟವಾಗಿ ಬಿತ್ತು. ಮೊದಲನೆಯದು ಮಾತ್ರ "ಮಾನಸ್ಥರ ಗಿಡ" ಎಂದು ಬಿತ್ತು.

ಸಂಜೆಯ ಬಸ್ಸಿನಲ್ಲಿ ಕಾಕಾ ಮಾನಸ್ಥರ ಗಿಡವನ್ನು ತೊಡೆಯ ಮೇಲಿಟ್ಟು ಕೂತ. ಪಕ್ಕದಲ್ಲಿ ಶಿರವಾಳದ ಮುದುಕಿಯೊಬ್ಬಳು. ಅವಳು ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ತಮ್ಮಾ, ಇದಕ್ಕ ಹುಳ ಬಿದ್ದಾದಲ್ಲೋ."

ಕಾಕಾ ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು. ಎಲೆಯ ತುಂಬ ತೂತು! ನಡುವೆ ದುಂಡನೆಯವು, ಅಂಚಿಗೆ ಉದ್ದನೆಯ ಸೀಳು. ಹಿಂದಿನ ಸೀಟಿನವರು ಎದ್ದು ಬಂದರು. ಹತ್ತಿ ಬೆಳೆಯುವ ನಾಡಿನ ಬಸ್ಸದು. ಅದರಲ್ಲಿ ತೂತು ಬಿದ್ದ ಎಲೆ ಕಂಡರೆ ಯಾರೂ ಸುಮ್ಮನೆ ಕೂರುವವರಲ್ಲ. ಒಬ್ಬರು ಹಸಿರು ಹುಳ ಅಂದರು, ಒಬ್ಬರು ಮಿಡತೆ ಅಂದರು. ಕಂಡಕ್ಟರು ಟಿಕೆಟ್ಟಿನ ಯಂತ್ರ ಕಂಕುಳಿಗೆ ಸಿಗಿಸಿಕೊಂಡು ಎಲೆಯ ಬೆನ್ನು ತಿರುವಿ ನೋಡಿ, "ತತ್ತಿ ಕಾಣವಲ್ಲವು. ತಿಂದು ಹಾರಿ ಹೋಗ್ಯಾವ," ಎಂದು ತೀರ್ಪು ಕೊಟ್ಟ. ಎಲೆಯೇ ಹಾಗಿರಬಹುದು ಎಂದು ಇಡೀ ಬಸ್ಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾಕಾ ಮನೆ ಮುಟ್ಟಿ ಕುಂಡವನ್ನು ಆಯಿಯ ಮುಂದೆ ಇಳಿಸಿದ. "ಅವ್ವಾ, ಮೇಡಂ ಕೊಟ್ಟ ಗಿಡ ನನ್ನ ಕೈಗೆ ಬಂದಕೂಡ್ಲೆ ಹುಳ ತಿಂದಾವ. ಇನ್ನ ನನ್ನ ಅರ್ಜಿ ಹೋದಂಗ."

ಆಯಿ ಸೊಂಟದ ಮೇಲೆ ಕೈಯಿಟ್ಟು ಗಿಡವನ್ನು ಸುತ್ತು ಹಾಕಿ ನೋಡಿದಳು.

"ಹೂ ಎಂಥಾದ್ದು ಬಿಡ್ತದ?"

"ಹೂ ಬಿಡೂದಿಲ್ಲಂತ."

"ವಾಸನಿ?"

"ಇಲ್ಲ."

"ತಪ್ಪಲಪಲ್ಲೆ ಮಾಡಾಕ ಬರ್ತದೇನು?"

"ತಿಂದ್ರ ಬಾಯಿ ತುರಸ್ತದಂತವ್ವಾ."

"ಮತ್ತ ಏನ್ ಮಾಡ್ತದ ಇದು?"

ಕಾಕಾ ಯೋಚನೆ ಮಾಡಿದ. "ಇರ್ತದ."

"ಹಂಗಾದ್ರ ಸರಿ. ಸಾಹೇಬ ಮಂದಿಗಂತ ಮಾಡಿದ್ದದು," ಅಂದಳು ಆಯಿ.

ಮೇಡಂ ಬರೆದುಕೊಟ್ಟ ಚೀಟಿಯನ್ನು ಕಾಕಾ ಓದಿದ. ಬೆಳಕು ಬೇಕು, ಬಿಸಿಲು ಬೇಡ. ನೀರು ಬೇಕು, ತೇವ ನಿಲ್ಲಬಾರದು. ಗಾಳಿ ಬೇಕು, ಬಿಸಿಗಾಳಿ ಬೇಡ. ಎಲೆಯನ್ನು ವಾರಕ್ಕೆರಡು ಸಲ ಒದ್ದೆ ಬಟ್ಟೆಯಿಂದ ಒರೆಸಬೇಕು. ಆಯಿ ಅಷ್ಟೂ ಕೇಳಿ, "ನಿನ್ನ ಹಡದಾಗ ನನಗೂ ಇಷ್ಟು ಯಾರೂ ಹೇಳಿದ್ದಿಲ್ಲ," ಅಂದಳು. ಆಮೇಲೆ ಕಾಡಗುಲಾಬಿಯ ಕಡೆ ಕೈಮಾಡಿದಳು. "ಅದನ್ನ ನೋಡು. ಬಿಸಲ ಬಂದ್ರ ಬಿಸಲ ಉಣ್ತದ, ಮಳಿ ಬಂದ್ರ ಮಳಿ ಉಣ್ತದ. ಆರು ವರ್ಷ ಆತು, ಒಂದು ಚೀಟಿ ಬರದಿಲ್ಲ."

"ಅವ್ವಾ, ಅದು ಜಂಗ್ಲಿ."

"ಜಂಗ್ಲಿಗಿ ಹೂ ಬಿಡಾಕ ಬರ್ತದ. ನಿಮ್ಮ ಮಾನಸ್ಥಗ ಬರೂದಿಲ್ಲ."

ಅಷ್ಟರಲ್ಲಿ ಎದುರು ಮನೆಯ ಮೌಲಾಲಿ ಬಂದ. ಬಜಾರದಲ್ಲಿ ಆತನದು ಬೀಜ, ಗೊಬ್ಬರ, ಕೀಟದ ಔಷಧಿಯ ಅಂಗಡಿ. ಎಲೆ ಮುಟ್ಟಿದ, ಕುಂಡ ತಟ್ಟಿದ, ತಳದಿಂದ ಹೊರಬಂದ ಬೇರುಗಳನ್ನು ತೋರಿಸಿದ. "ರಾಯ, ಬೇರಿಗಿ ಉಸಿರಾಡಾಕ ಜಾಗಾ ಇಲ್ಲ. ಮೊದಲ ಕುಂಡ ಬಿಡಿಸಿ ನೆಲಕ್ಕ ಹಚ್ಚು. ಆಮ್ಯಾಲ ಹುಳದ್ದು ನೋಡಮು."

ಬಿಸಿಲಿಲ್ಲದ ಬೆಳಕು ನಮ್ಮ ಅಂಗಳದಲ್ಲಿ ಇದ್ದದ್ದು ಒಂದೇ ಕಡೆ, ಕಾಡಗುಲಾಬಿಯ ಬೆನ್ನಿಗೆ. ಕಾಕಾ ಗುಲಾಬಿಯ ಟೊಂಗೆ ಕಡಿಯಲು ಕುಡಗೋಲು ತಂದ. ಆಯಿ ಅದನ್ನು ಕಸಿದುಕೊಂಡಳು. ಕಡೆಗೆ ಗುಲಾಬಿಯ ನೆರಳಲ್ಲೇ ಗುಣಿ ತೋಡಿ, ಮೂವರೂ ಕೂಡಿ ಗಿಡ ನೆಟ್ಟರು. ಕಾಕಾನ ಕೈತುಂಬ ಮುಳ್ಳು ಗೀರಿದ ಗೆರೆಗಳು. ಹಾಗೇ ನಿಂತು ಮೊಬೈಲು ತೆಗೆದು ಮೇಡಮ್ಮನಿಗೆ ಮಾತು ರೆಕಾರ್ಡು ಮಾಡಿ ಕಳಿಸಿದ:

"ಮೇಡಂ, ನಮಸ್ಕಾರ್ರಿ. ನಾ ಬಸವಂತ್ರಾಯ ಮಾತಾಡಾಕತ್ತೀನಿ. ನಿಮ್ಮ ಗಿಡ ಮನಿಗಿ ತಂದು ಇವತ್ತೇ ಹಚ್ಚೀವ್ರಿ. ನಾನು, ಮೌಲಾಲಿ, ನಮ್ಮವ್ವ, ಮೂರೂ ಮಂದಿ ಕೂಡಿ ಹಚ್ಚೀವಿ. ಚಲೋತ್ನಂಗ ಮಣ್ಣ ಕೊಟ್ಟೀವ್ರಿ. ಕುಂಡ ತೊಳದು ಇಟ್ಟೀನಿ. ನೀವೇನೂ ಫಿಕರ್ ಮಾಡಬ್ಯಾಡ್ರಿ."

ನಮ್ಮ ಕಡೆ ಗಿಡ ಹಚ್ಚುವುದೆಂದರೆ ನೆಡುವುದು. ಮೈಸೂರಿನ ಅಡಿಗೆಮನೆಯಲ್ಲಿ ಹಚ್ಚುವುದೆಂದರೆ ಈಳಿಗೆಮಣೆಯ ಮುಂದೆ ಕೂತು ಸಣ್ಣಗೆ ಕತ್ತರಿಸುವುದು. ಆ ಮಾತು ಕೇಳಿದ ಹೊತ್ತಿಗೆ ಮೇಡಂ ಊಟಕ್ಕೆ ಕೂತಿದ್ದರಂತೆ. ತಟ್ಟೆಯಲ್ಲಿ ಹಚ್ಚಿದ ಸೌತೆಕಾಯಿಯೇ ಇತ್ತಂತೆ. ಮುಂದೆ ತಾವೇ ಹೇಳಿದರು.

"ಹಚ್ಚಿದ್ರಾ?? ಯಾಕೆ??" ಎಂದು ಉತ್ತರ ಬಂತು.

ದೊಡ್ಡ ಅಧಿಕಾರಿ ತನ್ನ ಕೃಷಿಯಲ್ಲಿ ಇಷ್ಟು ಆಸಕ್ತಿ ತೋರಿಸಿದ್ದಕ್ಕೆ ಕಾಕಾ ಹಿಗ್ಗಿದ. "ಕುಂಡದಾಗ ಭಾಳ ಇಕ್ಕಟ್ಟ ಆಗಿತ್ರಿ. ಹಚ್ಚದೇ ಬ್ಯಾರೆ ದಾರಿನೇ ಇದ್ದಿಲ್ಲ."

"ಫೋಟೋ ಕಳಿಸಿ."

ಕಾಕಾ ಎಲೆ ನೋಡಿದ. ಫೋಟೋ ಕಳಿಸಿದರೆ ತೂತು ಕಾಣುತ್ತವೆ. "ಈಗ ನೋಡೂಹಂಗ ಇಲ್ರಿ ಮೇಡಂ," ಅಂದ ನಮ್ರನಾಗಿ. "ನೋಡಿದ್ರ ನಿಮಗ ಸಂಕಟ ಆಗ್ತದ."

ಅಲ್ಲಿಂದ ನಾಲ್ಕು ದಿನ ಮಾತಿಲ್ಲ.

ಈ ನಾಲ್ಕು ದಿನದಲ್ಲಿ ಗಿಡ ಹೊಸದೊಂದು ಸುರುಳಿ ಬಿಟ್ಟಿತು. ಕಾಕಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಯಿಯ ಕಥೆಯ ರಾಜ ಮಗ ಹುಟ್ಟುವುದನ್ನು ಕಾದಂತೆ ಕಾದ. ಐದನೇ ದಿನ ಸುರುಳಿ ಬಿಚ್ಚಿಕೊಂಡಿತು. ಎಳೆ ಹಸಿರು, ಮೇಣದಂಥ ಹೊಳಪು, ಮತ್ತು ಮೈತುಂಬ ತೂತು.

"ಅವ್ವಾ!" ಕಾಕಾ ಚೀರಿದ. "ಹುಟ್ಟಕೊಂತೇ ತೂತು! ಹುಳ ಹೊಟ್ಟ್ಯಾಗೇ ಸೇರ್ಯಾದ!"

ಮೌಲಾಲಿ ಬೆನ್ನಿಗೆ ಪಂಪು ಕಟ್ಟಿಕೊಂಡೇ ಬಂದ. ಆತ ತಂದ ಡಬ್ಬಿಯ ಮೇಲೆ ಕೆಂಪು ತ್ರಿಕೋನವಿತ್ತು. ಆಯಿ ಅದನ್ನು ನೋಡಿ, "ಪರರ ಗಿಡ ಅದು. ಇಂಥಾದ್ದು ಹೊಡದು ಸಾಯಿಸ್ತಿ ಏನು? ಬೇವಿನೆಣ್ಣಿ ತಾ," ಎಂದು ವಾಪಸು ಕಳಿಸಿದಳು. ಆತ ಬೇವಿನೆಣ್ಣೆ ತಂದ. ಆಯಿ ಅಳತೆ ಮಾಡಿ ನೀರಿಗೆ ಕಲಸಿದಳು. ಮೌಲಾಲಿ ಪಂಪು ಹೊಡೆದ, ಕಾಕಾ ಕೊಳವೆ ಹಿಡಿದ. ಎದುರು ಗಾಳಿಗೆ ಅರ್ಧ ಎಣ್ಣೆ ಕಾಕಾನ ಮುಖಕ್ಕೇ ಬಂತು. ಬರಿಹೊಟ್ಟೆಗೆ ಆ ಘಾಟು ಹೊಕ್ಕು, ಆತ ಬಂಡೆ ಹಿಡಿದು ಕೂತು ಮೈಸೂರಿಗೆ ವರದಿ ಒಪ್ಪಿಸಿದ:

"ಮೇಡಂ, ಇವತ್ತ ಎಣ್ಣಿ ಹೊಡದೀವ್ರಿ. ನಾನೂ ಮೌಲಾಲಿನೂ ಕೂಡಿ ಹೊಡದೀವಿ. ಅವ್ವನೇ ನೀರು ಬೆರಸಿ ಕೊಟ್ಟಳ್ರಿ. ಜರಾ ತೆಲಿ ತಿರಗಾಕತ್ತದ, ಏನೂ ಹೆದರೂ ಕಾರಣಿಲ್ಲ. ಎಂಟ್ ದಿನಕ್ಕೊಮ್ಮಿ ಹೊಡೀತೀವಿ, ನೀವು ಬರೂತನಕ ಬಿಡೂದಿಲ್ಲ."

ಹೊಲಕ್ಕೆ ಹೊಡೆಯುವ ಔಷಧಿಯೆಲ್ಲ ನಮ್ಮಲ್ಲಿ ಎಣ್ಣೆಯೇ. ಮೈಸೂರಿನಲ್ಲಿ ಎಣ್ಣೆ ಹೊಡೆಯುವುದು ಬೇರೆ ಅಂಗಡಿಯದು. ತಾಯಿ ಕೊಟ್ಟ ಗಿಡವನ್ನು ಹಚ್ಚಿ, ಹೂತು, ಗೆಳೆಯನ ಜೊತೆ ಕುಡಿದು, ಕುಡಿದ ಬಾಯಲ್ಲೇ ಅಧಿಕಾರಿಗೆ ವರದಿ ಕೊಡುವ ಗುಮಾಸ್ತನನ್ನು ಮೇಡಂ ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ. ಆದರೂ ನ್ಯಾಯವಂತರು. ಒಬ್ಬನ ಮಾತಿನ ಮೇಲೆ ತೀರ್ಮಾನ ಬೇಡವೆಂದು ಹಂಪಣ್ಣನಿಗೆ ಫೋನು ಮಾಡಿದರು.

"ಹಂಪಣ್ಣೋರೆ, ನಿಜ ಹೇಳಿ. ಬಸವಂತ್ರಾಯ ಎಣ್ಣೆ ಹೊಡೀತಾರಾ?"

ಮೇಡಮ್ಮಂಥವರು ಇನ್ನೊಂದು ಎಣ್ಣೆಯ ಮಾತು ಎತ್ತುತ್ತಾರೆಂದು ಹಂಪಣ್ಣ ಕನಸಲ್ಲೂ ಯೋಚಿಸುವವನಲ್ಲ. ಕಾಕಾನಿಗೆ ಎರಡೆಕರೆ ಹತ್ತಿ ಇದೆ ಎಂಬುದು ಆತನಿಗೆ ಗೊತ್ತಿತ್ತು. ಸಹೋದ್ಯೋಗಿಯ ಶ್ರಮವನ್ನು ಅಧಿಕಾರಿ ಗಮನಿಸಿದ್ದು ಆತನಿಗೆ ಸಂತೋಷವೇ ಆಯಿತು.

"ಹೊಡೀತಾನ್ರಿ ಮೇಡಂ. ಚಲೋ ಹೊಡೀತಾನ. ಈ ಟೈಮಿನಾಗ ವಾರಕ್ಕೊಮ್ಮಿ ಬೇಕೇ ಬೇಕ್ರಿ."

"ನೀವು ಯಾರೂ ಹೇಳೋದಿಲ್ವಾ?"

"ನಾವೇನ್ ಹೇಳೂದ್ರಿ? ಅವರಪ್ಪನೂ ಹೊಡೀತಿದ್ದ. ನಾನೂ ರವಿವಾರ ಹೊಡೀತೀನಿ. ಹೊಡೀಲಿಲ್ಲಂದ್ರ ಮನಿ ಹಾಳಾಗ್ತದ್ರಿ ಮೇಡಂ. ಇಡೀ ತಾಲೂಕೇ ಹೊಡೀತದ."

ಮೇಡಂ ಫೋನು ಇಟ್ಟರು.

ಒಳ್ಳೆಯವನ ಅರ್ಜಿ ಹನ್ನೊಂದು ವರ್ಷದಲ್ಲಿ ನಡೆಯದ ದಾರಿಯನ್ನು ಕೆಟ್ಟವನ ಮೇಲಿನ ದೂರು ಒಂಬತ್ತು ದಿನದಲ್ಲಿ ನಡೆಯಿತು. ಯಾದಗಿರಿಯಿಂದ ಆದೇಶ ಬಂತು: ಬಸವಂತ್ರಾಯ ಇವರನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸುರಪುರ ಶಾಖೆಗೆ ವರ್ಗಾಯಿಸಿದೆ.

ಕಾಕಾ ಆ ಕಾಗದಕ್ಕೆ ತಾನೇ ನಂಬರು ಹಾಕಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಂಬರು ಓರೆಯಾಯಿತು. ಮನೆಗೆ ಬಂದವನೇ ಮಾನಸ್ಥರ ಗಿಡಕ್ಕೆ ಕೈ ಮುಗಿದ. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. "ಇನ್ನ ಒಂದಕ್ಕ ಬರೋಬರಿ ಬರ್ತಾನ್ರಿ ನನ್ನ ಮಗ, ಬಿಸಿ ರೊಟ್ಟಿ ಬಡೀಬೇಕು," ಎಂದು ಕಂಡವರಿಗೆಲ್ಲ ಹೇಳಿದಳು. ಕೇಳದವರನ್ನು ನಿಲ್ಲಿಸಿ ಹೇಳಿದಳು.

ಎರಡನೇ ಹಾಳೆ ತಿರುವಿದವಳು ನಾನು. ಕಾಕಾ ಮೊದಲನೆಯದನ್ನು ಇಪ್ಪತ್ತು ಸಲ ಓದಿ ಅಲ್ಲಿಗೇ ನಿಲ್ಲಿಸಿದ್ದ. ಬಂಡೆಯ ಹತ್ತಿರ ಆತ ಮತ್ತು ಮೌಲಾಲಿ ಕೂತಿದ್ದಾಗ ನಾನು ಮೆಲ್ಲಗೆ ಓದಿದೆ: "ಸದರಿ ನೌಕರರು ಮದ್ಯಪಾನ ವ್ಯಸನಿಯಾಗಿರುವುದು ಕಂಡುಬಂದಿರುವುದರಿಂದ, ಕುಟುಂಬದವರ ನಿಗಾದಲ್ಲಿರಲು ಅನುಕೂಲವಾಗುವಂತೆ..."

ಆಮೇಲೆ ಕಾಕಾ ತನ್ನ ಮಾತುಗಳನ್ನು ಮೊಬೈಲಿನಲ್ಲಿ ಮತ್ತೆ ಹಾಕಿ ಕೇಳಿದ. ಎಣ್ಣೆಯ ಜಾಗ ಬಂದಾಗ ತಲೆಗೆ ಕೈ ಹಚ್ಚಿಕೊಂಡು ಕೂತ. ಗಿಡ ಹಚ್ಚಿದ್ದರಲ್ಲಿ ಏನು ತಪ್ಪಿದೆ ಎಂದು ನಮ್ಮ ಮೂವರಿಗೂ ಆಗ ತಿಳಿಯಲಿಲ್ಲ.

"ಈಗಿಂದೀಗ ಮೇಡಂಗ ಖರೇ ಹೇಳ್ತೀನಿ," ಎಂದು ಎದ್ದ.

"ಹೇಳು," ಅಂದ ಮೌಲಾಲಿ. "ಆರ್ಡರು ಕ್ಯಾನ್ಸಲ್ ಆಗ್ತದ. ಕುಡುಕ ಅಲ್ಲಂದ ಮ್ಯಾಲ ನಿನ್ನ ಊರಿಗಿ ಯಾಕ ಕಳಸ್ತಾರ?"

ಕಾಕಾ ಕೂತ. ಒಳಗೆ ಆಯಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು: "ಒಂದಕ್ಕ ಬರೋಬರಿ..."

"ಅವ್ವಗ ಎರಡನೇ ಹಾಳಿ ಓದಾಕ ಬರೂದಿಲ್ಲ," ಅಂದ ಕಾಕಾ ಕಡೆಗೆ, ನಮ್ಮನ್ನು ನೋಡದೆ. "ನೀವಿಬ್ರೂ ಹೇಳಬ್ಯಾಡ್ರಿ."

ಹೀಗೆ, ಜೀವಮಾನದಲ್ಲಿ ಒಂದು ಹನಿ ಮುಟ್ಟದ ನಮ್ಮ ಕಾಕಾ ಕುಡುಕನಾಗಿಯೇ ಉಳಿಯಲು ನಿರ್ಧರಿಸಿದ. ಉಳಿಯುವುದು ಸುಲಭವೆಂದುಕೊಂಡಿದ್ದ. ತಿಂಗಳ ಕೊನೆಯ ವಾರ ಮೇಡಮ್ಮನ ಸಂದೇಶ ಬಂತು: "ಭಾನುವಾರ ಬರ್ತೀನಿ. ಗಿಡ ಹೋದ್ರೆ ಹೋಯ್ತು, ಕುಂಡ ಕೊಡಿ. ಅದು ನಮ್ಮಮ್ಮನದು."

ಗಿಡ ಹೋಗಿರಲಿಲ್ಲ. ಗುಲಾಬಿಯ ನೆರಳಲ್ಲಿ ಅದಕ್ಕೀಗ ಐದು ಎಲೆ, ದೊಡ್ಡದು ಮೊರದಷ್ಟು. ಕುಡುಕನ ಕೈಯಲ್ಲಿ ಗಿಡ ಹೀಗೆ ಬೆಳೆಯುತ್ತದೆಯೇ? ಮೇಡಂ ಅದನ್ನು ಕಂಡರೆ ಸುಳ್ಳೆಲ್ಲ ಬಯಲು, ಆದೇಶ ರದ್ದು. ಭಾನುವಾರ ಬೆಳಗ್ಗೆ ಕಾಕಾ ಮತ್ತು ಮೌಲಾಲಿ ಕೂಡಿ ಆಯಿಯ ದೊಡ್ಡ ಕೌದಿಯನ್ನು ಒಣಹಾಕಿದಂತೆ ಕಾಡಗುಲಾಬಿಯ ಮೇಲೆ ಹರವಿದರು. ಮುಳ್ಳು ನಾಲ್ಕೂ ಕಡೆ ಗಟ್ಟಿ ಹಿಡಿದುಕೊಂಡವು. ಮಾನಸ್ಥರ ಗಿಡ ಒಳಗೆ ಮಾಯವಾಯಿತು.

"ಈಗ ಕುಡದಂಗ ಮಾಡಬೇಕು," ಅಂದ ಕಾಕಾ. "ಕುಡದವರು ಹೆಂಗಿರ್ತಾರ?"

"ನನಗೇನ್ ಗೊತ್ತೋ? ನಾ ಐದು ಹೊತ್ತಿನ ನಮಾಜಿನವ."

ಹನ್ನೊಂದು ಗಂಟೆಗೆ ಮೇಡಂ ಬಂದರು. ಸಾಕ್ಷಿಗೆಂದು ಹಂಪಣ್ಣನನ್ನೂ ಕರೆತಂದಿದ್ದರು. ಕಾಕಾ ಕಂಬಕ್ಕೆ ಒರಗಿ, ಒಂದು ಕಣ್ಣು ಮುಚ್ಚಿ, ಬಾಗಿಲ ಚೌಕಟ್ಟಿಗೆ "ನಮಸ್ಕಾರ್ರಿ" ಅಂದ. ಕುಂಡ ತರಲು ಹೋಗಿ ಬೇಕೆಂದೇ ಎಡವಿದ, ಆಮೇಲೆ ಬೇಡವೆಂದರೂ ಎಡವಿದ.

"ಯಾಕೋ ಬಸ್ಯಾ, ಕಣ್ಣಿಗಿ ಕತ್ತಲಿ ಬಂತೇನು?" ಆಯಿ ಗಾಬರಿಯಾದಳು.

ಮೇಡಂ ನಿಟ್ಟುಸಿರುಬಿಟ್ಟರು. "ಅಮ್ಮಾ, ಬೆಳಿಗ್ಗೆ ಬೆಳಿಗ್ಗೆನೇ ಎಣ್ಣೆ ಹೊಡೆದಿದಾರಾ?"

"ಹೊಡದಾನ್ರಿ," ಅಂದಳು ಆಯಿ ಅಭಿಮಾನದಿಂದ. "ನಾನೇ ಕಲಸಿ ಕೊಟ್ಟೀನಿ."

"ನೀವೇ? ಹೆತ್ತ ತಾಯಿ?"

"ಇವರ ಕೈಯಾಗ ಕೊಟ್ರ ಅಳತಿ ತಪ್ತದ್ರಿ. ಒಂದು ತಂಬಿಗಿ ನೀರಿಗಿ ಎರಡ ಚಮಚ. ಜಾಸ್ತಿ ಆತಂದ್ರ ತಪ್ಪಲ ಸುಡ್ತದ."

"ತಪ್ಪಲಾ? ಯಾವ ತಪ್ಪಲು?"

"ಗಿಡದ ಎಲಿ ರೀ. ನಿಮ್ಮ ಗಿಡದ್ದು."

"ಅವ್ವಾ, ಒಳಗ ನಡಿ!" ಕಾಕಾ ಕೂಗಿದ. ಕುಡುಕನ ದನಿ ಮರೆತೇಹೋಗಿತ್ತು.

ಆಯಿಗೆ ಈ ಹೆಣ್ಣುಮಗಳು ಇಷ್ಟು ದೂರ ಬಂದು ತನ್ನ ಗಿಡ ನೋಡದೆ ಹೋಗುವುದು ಸರಿಕಾಣಲಿಲ್ಲ. ಕೌದಿ ಹಿಡಿದು ಎಳೆದಳು. ಮುಳ್ಳು ಬಿಡಲಿಲ್ಲ. ಕಾಕಾ ಇನ್ನೊಂದು ತುದಿ ಹಿಡಿದು ತನ್ನ ಕಡೆ ಎಳೆದ. ನಲವತ್ತು ಹಳೆ ಸೀರೆಗಳ ಕೌದಿ ನಡುವೆ ಚರ್ರೆಂದು ಹರಿಯಿತು. ಗುಲಾಬಿಯ ಎಸಳುಗಳೆಲ್ಲ ಉದುರಿದವು. ಅದರ ಹಿಂದೆ ಐದು ಎಲೆಯ ಮಾನಸ್ಥರ ಗಿಡ, ಬೇವಿನೆಣ್ಣೆಯ ಹೊಳಪಿನಲ್ಲಿ, ರಾಜನ ಆಸ್ಥಾನದ ಬೀಸಣಿಕೆಗಳಂತೆ ನಿಂತಿತ್ತು.

ಮೇಡಂ ಹತ್ತಿರ ಹೋಗಿ ಕೂತರು. ಒಂದೊಂದೇ ಎಲೆ ಮುಟ್ಟಿ ಎಣಿಸಿದರು. "ಹಚ್ಚಿಬಿಟ್ಟಿದೀನಿ ಅಂದ್ರಲ್ಲ ನೀವು," ಅಂದರು, ದನಿ ಸಣ್ಣಗಾಗಿ.

"ಹಚ್ಚ್ಯಾನಲ್ರೀ, ಇಲ್ಲೇ ಹಚ್ಚ್ಯಾನ," ಅಂದಳು ಆಯಿ, ಮಣ್ಣು ಒತ್ತಿ ತೋರಿಸುತ್ತ. "ಹಚ್ಚಿದ್ದಕ್ಕೇ ಬಂದಾದ."

ಒಂದೊಂದೇ ಗಂಟು ಬಿಚ್ಚಿತು. ಹಚ್ಚುವುದು ಬಿಚ್ಚಿತು, ಎಣ್ಣೆ ಬಿಚ್ಚಿತು. ಹಂಪಣ್ಣ ತಾನು ಫೋನಿನಲ್ಲಿ ಇಡೀ ತಾಲೂಕನ್ನು ಕುಡುಕರ ಪಟ್ಟಿಗೆ ಸೇರಿಸಿದ್ದನ್ನು ತಿಳಿದು ಮತ್ತೆ ತಲೆ ಎತ್ತಿದ. ಅಂಗಳದಲ್ಲಿ ಫ್ಯಾನು ಇರಲಿಲ್ಲ. ತೂತುಗಳು ಈ ಎಲೆಯ ಅಂದವೇ ಎಂದು ಮೇಡಂ ಹೇಳಿದಾಗ ಮೌಲಾಲಿ ಮಾತ್ರ ಒಪ್ಪಲಿಲ್ಲ. "ತೂತು ಅಂದ್ರ ತೂತೇ ರೀ," ಅಂದ. ಮೇಡಂ ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು ಆಯಿಯ ಕಡೆ ತಿರುಗಿದರು.

"ಅಮ್ಮಾ, ನನ್ನಿಂದ ತಪ್ಪಾಗಿದೆ. ನಿಮ್ಮ ಮಗ ಕುಡುಕ ಅಂತ ಬರೆದುಬಿಟ್ಟೆ. ಅದರ ಮೇಲೇ ವರ್ಗ ಆಗಿದ್ದು."

ಆಯಿ ಹರಿದ ಕೌದಿಯನ್ನು ಮಡಚುತ್ತಿದ್ದವಳು ನಿಂತಳು. ಕಾಕಾನ ಕಡೆ ತಿರುಗಿದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವಾ."

"ಗೊತ್ತಿದ್ದೂ ಸುಮ್ಮನಿದ್ದಿ?"

"ಮಧ್ಯಾಹ್ನ..." ಅಂದ ಕಾಕಾ. ಅಷ್ಟೇ ಅಂದ.

"ನಾನು ಇವತ್ತೇ ತಿದ್ದಿ ಬರೀತೀನಿ," ಅಂದರು ಮೇಡಂ. "ಆದ್ರೆ ಆ ಕಾರಣ ತೆಗೆದ್ರೆ ವರ್ಗಾವಣೆ ನಿಲ್ಲತ್ತಾ ಬೀಳತ್ತಾ ಹೇಳೋಕಾಗಲ್ಲ. ಯಾದಗಿರಿಯವರ ಇಷ್ಟ."

ಆಯಿ ಕೌದಿಯನ್ನು ಪೂರ್ತಿ ಮಡಚಿ ಬಂಡೆಯ ಮೇಲಿಟ್ಟಳು. "ಆ ಕಾಗದ ಎಷ್ಟ ಮಂದಿ ಓದ್ತಾರ್ರಿ?"

"ಮೂರು ಜನ ಇರಬಹುದು."

"ಮೂರು ಮಂದಿ ಓದಿಕೊಳ್ಳಲಿ ಬಿಡ್ರಿ. ಈ ಓಣ್ಯಾಗ ಮುನ್ನೂರ ಮಂದಿ ಅದಾರ, ಅವರಿಗಿ ನನ್ನ ಮಗ ಏನಂತ ಗೊತ್ತದ. ಇರಲಿ. ತಿದ್ದಬ್ಯಾಡ್ರಿ. ಒಂದು ತುತ್ತು ಎದುರಿಗಿ ಕುಂತು ಉಂಡ್ರ ಸಾಕು ನನಗ."

ಕಾಕಾ ಅವ್ವನನ್ನು ನೋಡಿದ. ಇಡೀ ಜನ್ಮದಲ್ಲಿ ಆತ ಅವ್ವನ ಮಾತು ಮೀರಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಮೀರಿದ, ಮೆಲ್ಲಗೆ.

"ಬ್ಯಾಡ್ರಿ ಮೇಡಂ, ತಿದ್ರಿ. ಹೋದ್ರ ಹೋಗ್ಲಿ. ಬಸ್ ಇದ್ದೇ ಅದ. ಕುಡುಕನ ಅವ್ವ ಆಗಿ ಅಕಿ ನನಗ ರೊಟ್ಟಿ ನೀಡೂದು ಬ್ಯಾಡ."

"ನಿನಗೇನ್ ತಿಳೀತದೋ!" ಆಯಿ ರೇಗಿದಳು. ಕಾಕಾ ಪೆನ್ನು ತೆಗೆದು ಮೇಡಮ್ಮನ ಕೈಗೆ ಕೊಟ್ಟ.

ಬಂಡೆಯ ಮೇಲೇ ತಿದ್ದೋಲೆ ತಯಾರಾಯಿತು. ಹಂಪಣ್ಣ ನಿಯಮ ಹೇಳಿದ: ತಿದ್ದೋಲೆಯಲ್ಲಿ ಕಥೆ ಬರೆಯುವಂತಿಲ್ಲ. ಇಂಥ ಪದವನ್ನು ಇಂಥ ಪದವೆಂದು ಓದಿಕೊಳ್ಳತಕ್ಕದ್ದು, ಅಷ್ಟೇ. 'ಮದ್ಯಪಾನ' ತೆಗೆದು ಆ ಜಾಗದಲ್ಲಿ ಏನು ಹಾಕುವುದೆಂದು ಎಲ್ಲರೂ ಗಿಡ ನೋಡುತ್ತ ಕೂತರು. ಅರ್ಧ ಗಂಟೆಯ ಮೇಲೆ ಮೇಡಂ ಬರೆದರು: "'ಮದ್ಯಪಾನ' ಎಂಬುದನ್ನು 'ಸಸ್ಯಪಾಲನೆ' ಎಂದು ಓದಿಕೊಳ್ಳತಕ್ಕದ್ದು." ಮುಂದಿನ ಪದಕ್ಕೆ ಕೈ ಹಾಕಲು ನಿಯಮದಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ನಮ್ಮ ಕಾಕಾ ಸರ್ಕಾರದ ದಾಖಲೆಯಲ್ಲಿ ಸಸ್ಯಪಾಲನೆ ವ್ಯಸನಿಯಾದ.

ಗಿಡವನ್ನು ಈಗ ಕಿತ್ತರೆ ಉಳಿಯುವುದಿಲ್ಲವೆಂದು ಮೇಡಂ ಅದನ್ನು ಅಲ್ಲೇ ಬಿಟ್ಟರು. ಶಹಾಪುರದಲ್ಲಿ ಅವರ ಬಾಡಿಗೆ ಮನೆಗೆ ಅಂಗಳವಿರಲಿಲ್ಲ, ಹಗಲೆಲ್ಲ ಉರಿಯುವ ಮಾಳಿಗೆ ಮಾತ್ರ. ಆಯಿ ಕಾಡಗುಲಾಬಿಯ ಒಂದು ಟೊಂಗೆ ಮುರಿದು ನೀಲಿ ಕುಂಡಕ್ಕೆ ಊರಿ ಕೊಟ್ಟಳು.

"ಇದಕ್ಕೆ ಏನೇನು ಮಾಡಬೇಕು ಅಮ್ಮಾ?" ಮೇಡಂ ಚೀಟಿ ಬರೆದುಕೊಳ್ಳಲು ಸಿದ್ಧರಾದರು.

"ಏನೂ ಮಾಡಬ್ಯಾಡ್ರಿ. ಒಮ್ಮೊಮ್ಮಿ ಮರೀರಿ."

ಒಂದನೇ ತಾರೀಖು ಬಂತು, ಹೋಯಿತು. ತೀರ್ಮಾನ ಆಗುವತನಕ ಆದೇಶ ತಡೆಹಿಡಿಯಲಾಗಿತ್ತು. ಕಾಕಾ ಏಳೂವರೆಯ ಬಸ್ಸು ಹತ್ತಿದ. ಸಕ್ಕರೆ ತಿಂದವರು ಏನಾಯಿತೆಂದು ಕೇಳಿದರೆ ಆಯಿ, "ಕಾಗದ ಹಾದ್ಯಾಗ ಅದ," ಅನ್ನುತ್ತಿದ್ದಳು. ಹತ್ತಿ ಒಡೆಯಿತು, ಮಹಾನವಮಿ ಮುಗಿಯಿತು. ಕಾಕಾ ಬರುವ ಪ್ರತಿ ಲಕೋಟೆಯನ್ನೂ ಮೊದಲು ಮೂಸಿ ಆಮೇಲೆ ನಂಬರು ಹಾಕುತ್ತಿದ್ದ ಎಂದು ಹಂಪಣ್ಣ ಹೇಳುತ್ತಾನೆ.

ಕಡೆಗೆ ಯಾದಗಿರಿಯ ಉತ್ತರ ಬಂತು. ಅದನ್ನು ನಾನು ಕೈಯಾರೆ ನಕಲು ಮಾಡಿ ಇಟ್ಟುಕೊಂಡಿದ್ದೇನೆ:

"ತಿದ್ದೋಲೆಯನ್ನು ಪರಿಶೀಲಿಸಲಾಗಿದೆ. ಸಸ್ಯಪಾಲನೆ ವ್ಯಸನವು ಮದ್ಯಪಾನಕ್ಕಿಂತಲೂ ಕಚೇರಿ ಕೆಲಸಕ್ಕೆ ಹೆಚ್ಚಿನ ಅಡ್ಡಿಯನ್ನುಂಟುಮಾಡಬಹುದಾದ್ದರಿಂದ, ಸದರಿ ನೌಕರರ ವರ್ಗಾವಣೆ ಆದೇಶವನ್ನು ಎತ್ತಿಹಿಡಿಯಲಾಗಿದೆ."

ಮೊದಲ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಒಂದೂ ಐದಕ್ಕೆ ಕಾಕಾ ಬಂದ. ಎಂಟು ನಿಮಿಷದ ದಾರಿಯನ್ನು ಓಡಿ ಬಂದಿರಬೇಕು, ಉಸಿರು ಹತ್ತಿತ್ತು. ಕೈಕಾಲು ತೊಳೆದು ತಾಟಿನ ಮುಂದೆ ಕೂತ. ಎದುರು ಆಯಿ ಕೂತಳು. ಇಬ್ಬರಿಗೂ ಆ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ರೂಢಿಯಿರಲಿಲ್ಲ. ಕಾಕಾ ರೊಟ್ಟಿ ಮುರಿದ, ಆಯಿ ಪಲ್ಲೆ ಸರಿಸಿದಳು. ಕಾಕಾ ಗೋಡೆ ನೋಡಿದ, ಆಯಿ ಒಲೆ ನೋಡಿದಳು.

"ಬಿಸಲ ಭಾಳ ಅದೇನು ಹೊರಗ?" ಅಂದಳು ಆಯಿ ಕಡೆಗೆ, ಬೇರೆ ಊರಿಂದ ಬಂದ ಬೀಗರನ್ನು ಕೇಳುವ ಹಾಗೆ.

"ಇಲ್ಲವ್ವಾ, ಅಷ್ಟೇನಿಲ್ಲ," ಅಂದ ಕಾಕಾ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ರೊಟ್ಟಿ ಕೊಡು," ಅಂದ.